ಹಿಂದೆ ಬರುವವರಿಗಾಗಿ ಒಂದು ಕೆಂಪು ದೀಪ

ಬೈಕಿನ ಟೇಲ್ ಲೈಟಿಗೆ ಎಲ್‌ಇಡಿ ಹಾಕಿಸುವುದು ಹತ್ತು ನಿಮಿಷದ ಕೆಲಸ. ಅದರಿಂದ ಸಿಗುವುದೇನು, ಕೈತಪ್ಪುವುದೇನು?

ರಾತ್ರಿ ಹತ್ತು ದಾಟಿದೆ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಸೆಕೆಂಡ್ ಶಿಫ್ಟ್ ಬಿಟ್ಟಿದೆ. ಮಳೆ ಈಗಷ್ಟೇ ನಿಂತಿದ್ದು, ತುಮಕೂರು ರಸ್ತೆಯ ಡಾಂಬರು ಮಿರಮಿರ ಮಿನುಗುತ್ತಿದೆ. ಗೇಟುಗಳಿಂದ ಹೊರಬಿದ್ದ ಬೈಕುಗಳು ಜಾಲಹಳ್ಳಿ ಕ್ರಾಸ್ ಕಡೆಗೂ ನೆಲಮಂಗಲದ ಕಡೆಗೂ ಹಂಚಿಹೋಗುತ್ತಿವೆ. ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿ, ಹನಿಯ ಆಚೆ ಕೆಂಪು ದೀಪಗಳ ಜಾತ್ರೆ. ಒಂದು ಮಂಕಾಗಿ ಉರಿಯುತ್ತಿದೆ, ಒಂದು ಕಣ್ಣು ಚುಚ್ಚುತ್ತಿದೆ, ಒಂದು ಪಟಪಟ ಮಿಟುಕುತ್ತಿದೆ, ಇನ್ನೊಂದು ಬೈಕಿಗೆ ದೀಪವೇ ಇಲ್ಲ.

ಅತ್ತ ಬೊಮ್ಮಸಂದ್ರ, ಹೆಬ್ಬಗೋಡಿಯಿಂದ ಹೊಸೂರು ರಸ್ತೆಗೆ ಇಳಿದವರದ್ದೂ, ವೈಟ್‌ಫೀಲ್ಡಿನ ಹೋಪ್ ಫಾರ್ಮ್ ದಾಟಿ ಕಾಡುಗೋಡಿ, ಹೊಸಕೋಟೆ ಕಡೆ ಹೊರಟವರದ್ದೂ ಇದೇ ಪಾಡು. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡಿಗೂ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರಕ್ಕೂ ಬಂತು. ಆದರೂ ಅವೇಳೆಯಲ್ಲಿ ಮನೆ ಸೇರಬೇಕಾದ ಶಿಫ್ಟಿನವರಿಗೆ, ಊಟ ತಲುಪಿಸುವ ಡೆಲಿವರಿ ಹುಡುಗರಿಗೆ ಬೈಕೇ ಗತಿ.

ಇಂಥ ದಟ್ಟಣೆಯಲ್ಲಿ ಮುಂದಿನ ಬೈಕು ಎಷ್ಟು ವೇಗದಲ್ಲಿದೆ ಎಂದು ಯಾರೂ ಅಳೆಯುತ್ತ ಕೂರುವುದಿಲ್ಲ. ಅದರ ಹಿಂದಿನ ದೀಪ ನೋಡಿ ಕೈ ಬ್ರೇಕಿಗೆ ಹೋಗುತ್ತದೆ. ಆ ದೀಪವನ್ನೇ ಬದಲಿಸುವ ಉಮೇದು ಈಗ ಜೋರಾಗಿದೆ. ಹಳೆಯ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದರೆ ಬ್ಯಾಟರಿ ಉಳಿಯುತ್ತದೆ, ಬೆಳಕು ಹೆಚ್ಚುತ್ತದೆ, ಗಾಡಿಗೆ ಕಳೆ ಬರುತ್ತದೆ ಎಂಬ ಮಾತು ಎಲ್ಲ ಗ್ಯಾರೇಜುಗಳಲ್ಲೂ ಕೇಳುತ್ತದೆ. ಮಾತೇನೋ ನಿಜ, ಆದರೆ ಅರ್ಧ ಮಾತ್ರ.

ಬುರುಡೆಯೊಳಗೆ ಎರಡು ತಂತಿ

ಹಳೆಯ ಬೈಕಿನ ಟೇಲ್ ಲೈಟಿನ ಕೆಂಪು ಗಾಜಿನ ಎರಡು ಸ್ಕ್ರೂ ಬಿಚ್ಚಿದರೆ ನಿಂಬೆಗಿಂತ ಚಿಕ್ಕದಾದ ಒಂದು ಬಲ್ಬ್ ಕಾಣುತ್ತದೆ. ಬಹುತೇಕ ಗಾಡಿಗಳಲ್ಲಿ ಅದರ ಮೇಲೆ 12 ವೋಲ್ಟ್, 21/5 ವ್ಯಾಟ್ ಎಂದು ಬರೆದಿರುತ್ತದೆ. ಒತ್ತಿ, ತುಸು ತಿರುಗಿಸಿದರೆ ಹೋಲ್ಡರಿನಿಂದ ಹೊರಬರುತ್ತದೆ.

ಬೆಳಕಿಗೆ ಹಿಡಿದು ನೋಡಿದರೆ ಗಾಜಿನೊಳಗೆ ಟಂಗ್‌ಸ್ಟನ್ನಿನ ಎರಡು ಸುರುಳಿ ತಂತಿ. ಐದು ವ್ಯಾಟಿನ ತಂತಿ ರಾತ್ರಿಯಿಡೀ ಸಣ್ಣಗೆ ಉರಿಯುವುದಕ್ಕೆ. ಇಪ್ಪತ್ತೊಂದು ವ್ಯಾಟಿನದ್ದು ಬ್ರೇಕ್ ಹಿಡಿದಾಗ ಮಾತ್ರ. ತಳದಲ್ಲಿ ಸೀಸದ ಎರಡು ಚುಕ್ಕೆ, ಒಂದೊಂದು ತಂತಿಗೆ ಒಂದೊಂದು. ಬದಿಯ ಎರಡು ಪಿನ್ನುಗಳಲ್ಲಿ ಒಂದು ಮೇಲೆ, ಒಂದು ಕೆಳಗೆ. ಬಲ್ಬನ್ನು ತಿರುವುಮುರುವಾಗಿ ಹಾಕಿ ಬ್ರೇಕಿನ ತಂತಿಯೇ ಸದಾ ಉರಿಯುವಂತೆ ಆಗಬಾರದೆಂದು ಮಾಡಿದ ಉಪಾಯ ಅದು.

ವ್ಯಾಟಿನ ಲೆಕ್ಕದಲ್ಲಿ ಇಪ್ಪತ್ತೊಂದು ಐದರ ಸುಮಾರು ನಾಲ್ಕು ಪಟ್ಟು. ಬೆಳಕಿನ ಲೆಕ್ಕ ಬೇರೆಯೇ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇಂಥ ಬಲ್ಬಿನ ಚಿಕ್ಕ ತಂತಿ ಸುಮಾರು 35 ಲ್ಯೂಮೆನ್ ಬೆಳಕು ಕೊಟ್ಟರೆ, ದೊಡ್ಡದು ಸುಮಾರು 440 ಲ್ಯೂಮೆನ್ ಕೊಡುತ್ತದೆ. ಹನ್ನೆರಡು ಪಟ್ಟಿಗೂ ಹೆಚ್ಚು. ಬ್ರೇಕ್ ಹಿಡಿದ ಕೂಡಲೇ ಹಿಂದಿನವರಿಗೆ ಗೊತ್ತಾಗುವುದು ಈ ಜಿಗಿತದಿಂದ. ಈ ಹನ್ನೆರಡು ಪಟ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಹಳೆಯ ಬಲ್ಬಿನ ದೋಷಗಳೂ ಕಡಿಮೆಯೇನಲ್ಲ. ಅದು ನುಂಗುವ ವಿದ್ಯುತ್ತಿನಲ್ಲಿ ಹತ್ತನೇ ಒಂದು ಪಾಲೂ ಬೆಳಕಾಗುವುದಿಲ್ಲ, ಉಳಿದದ್ದೆಲ್ಲ ಬಿಸಿ. ಆ ಬೆಳಕೂ ಎಲ್ಲ ಬಣ್ಣ ಬೆರೆತದ್ದು. ಕೆಂಪು ಗಾಜು ಅದರಲ್ಲಿ ಕೆಂಪನ್ನಷ್ಟೇ ಹೊರಬಿಟ್ಟು ಮಿಕ್ಕಿದ್ದನ್ನು ತಡೆಯುತ್ತದೆ. ಜೊತೆಗೆ ತಂತಿ ಬಲು ನಾಜೂಕು. ಇಂಜಿನ್ನಿನ ನಡುಕ, ಕೈಗಾರಿಕಾ ಪ್ರದೇಶದ ಗುಂಡಿಗಳ ಹೊಡೆತ ತಿಂದು ಒಂದು ದಿನ ಕಡಿದುಹೋಗುತ್ತದೆ. ಅದು ಕಡಿದದ್ದು ಸವಾರನಿಗೆ ತಿಳಿಯುವುದೂ ಇಲ್ಲ. ತನ್ನ ಬೆನ್ನ ಹಿಂದಿನ ದೀಪ ಯಾರಿಗೆ ಕಾಣುತ್ತದೆ?

ಸೆಕೆಂಡಿನ ಐದನೇ ಒಂದು ಭಾಗ

ಎಲ್‌ಇಡಿಯ ನಿಜವಾದ ಲಾಭ ಬೆಳಕಿನ ಪ್ರಮಾಣದಲ್ಲಿಲ್ಲ, ಸಮಯದಲ್ಲಿದೆ. ಟಂಗ್‌ಸ್ಟನ್ ತಂತಿ ಬೆಳಗಬೇಕಾದರೆ ಮೊದಲು ಕಾಯಬೇಕು. ಒಲೆ ಹೊತ್ತಿಸಿದ ಕ್ಷಣಕ್ಕೇ ಹೆಂಚಿನ ಮೇಲೆ ದೋಸೆ ಹುಯ್ಯಲಾಗದಲ್ಲ, ಹಾಗೆ. ಪೂರ್ತಿ ಪ್ರಖರತೆಗೆ ಏರಲು ಅದಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಎಲ್‌ಇಡಿಯಲ್ಲಿ ಕಾಯಬೇಕಾದ ವಸ್ತುವೇ ಇಲ್ಲ. ಕರೆಂಟ್ ಹರಿದ ಕ್ಷಣವೇ ಬೆಳಕು.

ಅಷ್ಟು ಚೂರು ಹೊತ್ತಿನಲ್ಲಿ ಏನಾದೀತು? ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುತ್ತಿರುವ ಗಾಡಿ ಅಷ್ಟರಲ್ಲಿ 2.2 ಮೀಟರ್ ಮುಂದೆ ಬಂದಿರುತ್ತದೆ. 60ರಲ್ಲಿ 3.3 ಮೀಟರ್, 80ರಲ್ಲಿ 4.4 ಮೀಟರ್. ಒಂದು ಬೈಕಿನ ಉದ್ದ ಸುಮಾರು ಎರಡು ಮೀಟರ್. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯಲ್ಲಿ ಹಿಂದೆ ಬರುತ್ತಿರುವ ಕಾರು ಎರಡು ಬೈಕಿನಷ್ಟು ದೂರವನ್ನು ಏನೂ ತಿಳಿಯದೆಯೇ ಕ್ರಮಿಸಿರುತ್ತದೆ ಎಂದಾಯಿತು.

ಇದನ್ನು ಉತ್ಪ್ರೇಕ್ಷಿಸಬೇಕಾಗಿಲ್ಲ. ದೀಪ ಕಂಡ ಮೇಲೆ ಬ್ರೇಕ್ ಒತ್ತುವುದಕ್ಕೇ ಚಾಲಕನಿಗೆ ಒಂದು, ಒಂದೂವರೆ ಸೆಕೆಂಡ್ ಬೇಕು. ಅದರ ಪಕ್ಕದಲ್ಲಿಟ್ಟರೆ ಎಲ್‌ಇಡಿ ಉಳಿಸಿಕೊಡುವುದು ಸಣ್ಣ ಪಾಲು. ಆದರೆ ಗುದ್ದುವುದಕ್ಕೂ ತಪ್ಪುವುದಕ್ಕೂ ನಡುವೆ ಇರುವುದು ಎಷ್ಟೋ ಸಲ ಅಷ್ಟೇ ಅಂತರ.

ಹಿಂದಿನ ದೀಪದ ಸಣ್ಣ ಸುಧಾರಣೆ ಎಷ್ಟು ಫಲ ಕೊಟ್ಟೀತು ಎಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. ಅಲ್ಲಿ 1986ರ ಮಾದರಿಗಳಿಂದ ಕಾರುಗಳ ಹಿಂದೆ ನಟ್ಟನಡುವೆ, ಎತ್ತರದಲ್ಲಿ ಮೂರನೆಯ ಬ್ರೇಕ್ ಲೈಟ್ ಕಡ್ಡಾಯವಾಯಿತು. ಹಿಂದಿನಿಂದ ಗುದ್ದಿಸಿಕೊಳ್ಳುವ ಅಪಘಾತಗಳು ಅದರಿಂದ ಶೇ 4.3ರಷ್ಟು ಶಾಶ್ವತವಾಗಿ ತಗ್ಗಿದವು ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಲೆಕ್ಕ ಹಾಕಿತು. ಪವಾಡವೇನೂ ಅಲ್ಲ. ಆದರೆ ಒಂದು ಬಲ್ಬಿನ ಖರ್ಚಿಗೆ ಬಂದ ಫಲವೆಂದರೆ ದೊಡ್ಡದೇ.

ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಒಟ್ಟು ಅಪಘಾತಗಳಲ್ಲಿ ಸುಮಾರು ಐದಕ್ಕೊಂದು ಹಿಂದಿನಿಂದ ಬಂದು ಗುದ್ದಿದ್ದು.

ಪ್ರಯೋಗಾಲಯದಿಂದ ಹೊಸೂರು ರಸ್ತೆಗೆ

ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು 1962ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಿಕ್ ಹೊಲೊನ್ಯಾಕ್ ತಯಾರಿಸಿದರು. ನೀಲಿ ಬಣ್ಣ ಒಲಿಯಲು ಮತ್ತೆ ಮೂರು ದಶಕ ಹಿಡಿಯಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಇಂದಿನ ಬಿಳಿ ಎಲ್‌ಇಡಿ ಎಂದರೆ ನೀಲಿ ಎಲ್‌ಇಡಿಯ ಮೇಲೆ ಹಳದಿ ಹೊಳಪಿನ ಲೇಪ ಬಳಿದದ್ದು.

ಈ ಇತಿಹಾಸ ಟೇಲ್ ಲೈಟಿಗೆ ನೇರವಾಗಿ ಸಂಬಂಧಿಸಿದ್ದು. ಕೆಂಪು ಎಲ್‌ಇಡಿ ಹುಟ್ಟುವಾಗಲೇ ಕೆಂಪು. ಅದರ ಮುಂದೆ ಕೆಂಪು ಗಾಜಿಟ್ಟರೂ ಹೆಚ್ಚೇನೂ ನಷ್ಟವಿಲ್ಲ. ಬಿಳಿ ಎಲ್‌ಇಡಿಯಲ್ಲಿ ನೀಲಿ, ಹಳದಿಯೇ ಹೆಚ್ಚಾಗಿ ಕೆಂಪು ತೀರ ಕಡಿಮೆ. ಅದನ್ನು ಕೆಂಪು ಗಾಜಿನ ಹಿಂದೆ ಇಟ್ಟರೆ ಬೆಳಕಿನ ಬಹುಪಾಲು ಗಾಜಿನಲ್ಲೇ ಸೋಸಿಹೋಗುತ್ತದೆ. ಹೊರಬರುವುದು ಮಂಕಾದ, ಗುಲಾಬಿ ಛಾಯೆಯ ಬೆಳಕು. ಕೈಯಲ್ಲಿ ಹಿಡಿದಾಗ ಝಗಮಗಿಸಿದ ಬಲ್ಬ್ ಗಾಡಿಗೆ ಹಾಕಿದ ಮೇಲೆ ಪೆಚ್ಚಾಗುವುದು ಇದಕ್ಕೇ.

ನಮ್ಮ ರಸ್ತೆಗಳಿಗೆ ಎಲ್‌ಇಡಿ ಟೇಲ್ ಲೈಟನ್ನು ಪರಿಚಯಿಸಿದ ಬೈಕುಗಳಲ್ಲಿ 2006ರ ಕೊನೆಗೆ ಬಂದ ಬಜಾಜ್ ಪಲ್ಸರಿನ ಹೊಸ ಆವೃತ್ತಿ ಮುಖ್ಯವಾದದ್ದು. ಹಿಂಬದಿಯ ಆ ಎರಡು ಕೆಂಪು ಗೆರೆಗಳಿಂದಲೇ ಕತ್ತಲಲ್ಲೂ ಗಾಡಿ ಯಾವುದೆಂದು ಹುಡುಗರು ಹೇಳುತ್ತಿದ್ದರು. ಅದನ್ನು ಕಂಡವರು ತಮ್ಮ ಹಳೆಯ ಗಾಡಿಗೂ ಅಂಥದ್ದೇ ಬೇಕೆಂದು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಹುಡುಕಿಕೊಂಡು ಬಂದರು. ಬೆಸುಗೆ ಗೊತ್ತಿದ್ದವರು ಎಸ್.ಪಿ. ರಸ್ತೆಯಲ್ಲಿ ಬಿಡಿ ಎಲ್‌ಇಡಿ, ರೆಸಿಸ್ಟರ್ ಕೊಂಡು ಮನೆಯಲ್ಲೇ ಬೋರ್ಡ್ ಕಟ್ಟಿಕೊಂಡರು.

ಇಂದು ಈ ದೀಪಗಳ ತಯಾರಿಕೆಯೇ ನಮ್ಮ ಬಾಗಿಲಿಗೆ ಬಂದಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿ ಅತ್ತಿಬೆಲೆ ಗಡಿ ಕಳೆದರೆ ಹೊಸೂರಿನಲ್ಲಿ ಟಿವಿಎಸ್ ಕಾರ್ಖಾನೆ. ಬೈಕುಗಳ ದೀಪವನ್ನೇ ಕಸುಬು ಮಾಡಿಕೊಂಡ ಫಿಯೆಮ್ ಇಂಡಸ್ಟ್ರೀಸಿನ ಘಟಕಗಳೂ ಅದೇ ಊರಿನಲ್ಲಿವೆ. ಬೆಂಗಳೂರಿನ ಏಥರ್ ಕಂಪನಿ 2018ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಸ್ಕೂಟರಿನಲ್ಲಿ ಎಲ್ಲ ದೀಪಗಳೂ ಎಲ್‌ಇಡಿ. ಅದರ ಮೊದಲ ಸ್ಕೂಟರುಗಳು ಜೋಡಣೆಯಾದದ್ದು ವೈಟ್‌ಫೀಲ್ಡಿನಲ್ಲಿ. ಹೊಸ ಗಾಡಿ ಕೊಳ್ಳುವ ಅನೇಕರಿಗೆ ಹೀಗೆ ಎಲ್‌ಇಡಿ ತಾನಾಗಿಯೇ ಸಿಗುತ್ತದೆ. ಗೊಂದಲವಿರುವುದು ಹಳೆಯ ಗಾಡಿಯವರಿಗೆ.

ನಂಬರ್ ಪ್ಲೇಟಿನ ಇಕ್ಕಟ್ಟು

ಹೆಬ್ಬಗೋಡಿಯಲ್ಲೋ ಪೀಣ್ಯ ಎರಡನೇ ಹಂತದಲ್ಲೋ ಯಾವುದೇ ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಂತರೆ ಕೇಳುವ ಮಾತು ಹೀಗಿರುತ್ತದೆ:

“ಅಣ್ಣಾ, ಬ್ಯಾಕ್ ಲೈಟಿಗೆ ಎಲ್‌ಇಡಿ ಹಾಕ್ಕೊಡಿ.”

“ಬಲ್ಬ್ ಒಂದೇ ಸಾಕಾ, ಪೂರ್ತಿ ಸೆಟ್ಟೇ ಬೇಕಾ?”

“ಏನು ವ್ಯತ್ಯಾಸ ಅಣ್ಣಾ?”

“ಬಲ್ಬ್ ಆದ್ರೆ ನೂರಿನ್ನೂರಲ್ಲಿ ಮುಗಿಯುತ್ತೆ. ಸೆಟ್ಟಾದ್ರೆ ಜಾಸ್ತಿ ಆಗುತ್ತೆ ನೋಡಿ.”

ಗಿರಾಕಿ ಬಲ್ಬನ್ನೇ ಆರಿಸುವುದು ಹೆಚ್ಚು. ಅಲ್ಲಿಂದ ಒಂದು ಇಕ್ಕಟ್ಟು ಶುರುವಾಗುತ್ತದೆ.

ಹಳೆಯ ಬೈಕುಗಳ ಟೇಲ್ ಲೈಟಿನ ಕೆಳಭಾಗದಲ್ಲಿ ಬಣ್ಣವಿಲ್ಲದ ಒಂದು ಕಿಟಕಿ ಇರುತ್ತದೆ. ಅದೇ ಬಲ್ಬಿನ ಬೆಳಕು ಈ ಕಿಟಕಿಯಿಂದ ಇಳಿದು ನಂಬರ್ ಪ್ಲೇಟಿನ ಮೇಲೆ ಬೀಳುತ್ತದೆ. ಗಾಜು ಕೆಂಪು ಬೆಳಕು ಕೊಡುತ್ತದೆ, ಕಿಟಕಿ ಬಿಳಿ ಬೆಳಕು ಕೊಡುತ್ತದೆ, ಎರಡಕ್ಕೂ ಮೂಲ ಒಂದೇ. ಹಳೆಯ ಬಲ್ಬಿಗೆ ಇದು ಸಲೀಸು, ಅದರ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ.

ಅಲ್ಲಿಗೆ ಕೆಂಪು ಎಲ್‌ಇಡಿ ಬಲ್ಬ್ ಹಾಕಿದರೆ ಹಿಂದಿನ ದೀಪ ಚೆನ್ನಾಗಿ ಬೆಳಗುತ್ತದೆ, ಆದರೆ ನಂಬರ್ ಪ್ಲೇಟೂ ಕೆಂಪಾಗುತ್ತದೆ. ಬಿಳಿ ಎಲ್‌ಇಡಿ ಹಾಕಿದರೆ ಪ್ಲೇಟ್ ಚೆನ್ನಾಗಿ ಕಾಣುತ್ತದೆ, ಹಿಂದಿನ ದೀಪ ಮಂಕಾಗುತ್ತದೆ. ಕೆಲವು ಬಲ್ಬುಗಳಲ್ಲಿ ಎಲ್‌ಇಡಿಗಳೆಲ್ಲ ತುದಿಯಲ್ಲಿ ಮಾತ್ರ ಇದ್ದು, ಬೆಳಕು ನೆಟ್ಟಗೆ ಹಿಂದಕ್ಕಷ್ಟೇ ಹೊಡೆಯುತ್ತದೆ. ಆಗ ಪ್ಲೇಟ್ ಪೂರ್ತಿ ಕತ್ತಲು. ಪಕ್ಕದಿಂದ ಬರುವವರಿಗೂ ದೀಪ ಕಾಣುವುದಿಲ್ಲ.

ಇದಕ್ಕೆ ಕಾರಣ ಟೇಲ್ ಲೈಟಿನ ಒಳರಚನೆ. ಒಳಗಿನ ಹೊಳಪಿನ ಬಟ್ಟಲನ್ನು ಸುರುಳಿ ತಂತಿ ಇರುವ ನಿರ್ದಿಷ್ಟ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎಲ್‌ಇಡಿ ಚಿಪ್ಪುಗಳು ಆ ಜಾಗದಲ್ಲಿ ಇರುವುದಿಲ್ಲ. ಹೀಗಾಗಿ ಬೆಳಕು ಎಷ್ಟಿದ್ದರೂ ಹರಡುವ ಬಗೆ ಕೆಡುತ್ತದೆ. ಎಲ್‌ಇಡಿಗೆಂದೇ ರೂಪಿಸಿದ, ನಂಬರ್ ಪ್ಲೇಟಿಗೆ ಪ್ರತ್ಯೇಕ ಬಿಳಿ ದೀಪವಿರುವ ಪೂರ್ತಿ ಸೆಟ್ಟಿಗೆ ಬೆಲೆ ಹೆಚ್ಚಾದರೂ ಅದು ಮೇಲೆನಿಸುವುದು ಇಲ್ಲೇ.

ಓಡುವ ಇಂಡಿಕೇಟರ್, ನಡುಗುವ ದೀಪ

ಟೇಲ್ ಲೈಟಿನ ಜೊತೆಗೆ ಇಂಡಿಕೇಟರುಗಳನ್ನೂ ಎಲ್‌ಇಡಿಗೆ ಬದಲಿಸಿದವರು ಮರುದಿನವೇ ಗ್ಯಾರೇಜಿಗೆ ವಾಪಸಾಗುವುದುಂಟು. ಇಂಡಿಕೇಟರ್ ಹುಚ್ಚು ಹಿಡಿದಂತೆ ಪಟಪಟನೆ ಹೊಡೆದುಕೊಳ್ಳುತ್ತಿರುತ್ತದೆ.

ಇದು ಫ್ಲಾಷರ್ ರಿಲೇಯ ಕೆಲಸ. ಹಳೆಯ ರಿಲೇ ತನ್ನ ಮೂಲಕ ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನು ಗಮನಿಸುತ್ತದೆ. ಒಂದು ಬಲ್ಬ್ ಸುಟ್ಟುಹೋದರೆ ಕರೆಂಟ್ ತಗ್ಗುತ್ತದೆ, ಆಗ ವೇಗವಾಗಿ ಮಿಟುಕಿ ಸವಾರನಿಗೆ ಸುಳಿವು ಕೊಡುತ್ತದೆ. ಎಲ್‌ಇಡಿ ಬಹಳ ಕಡಿಮೆ ಕರೆಂಟ್ ಎಳೆಯುವುದರಿಂದ, ಬಲ್ಬ್ ಹೋಗಿದೆ ಎಂದೇ ರಿಲೇ ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಎಲೆಕ್ಟ್ರಾನಿಕ್ ರಿಲೇ ಹಾಕಿದರೆ ತೊಂದರೆ ತೀರಿತು. ಕೆಲವರು ಇದಕ್ಕೆ ದೊಡ್ಡ ರೆಸಿಸ್ಟರ್ ಜೋಡಿಸುತ್ತಾರೆ. ಅದು ಉಳಿಸಿದ ವಿದ್ಯುತ್ತನ್ನು ಮತ್ತೆ ಬಿಸಿಯಾಗಿ ಸುಡುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗಿಸಲೂಬಹುದು.

ಇನ್ನೊಂದು ತೊಡಕು ಹಳೆಯ ಗಾಡಿಗಳದ್ದು. ಅನೇಕ ಹಳೆಯ ಬೈಕುಗಳಲ್ಲಿ ಹೆಡ್‌ಲೈಟ್, ಟೇಲ್ ಲೈಟಿಗೆ ವಿದ್ಯುತ್ ಬರುವುದು ಇಂಜಿನ್ನಿನ ಕಾಯಿಲ್‌ನಿಂದ ನೇರವಾಗಿ, ಎಸಿ ರೂಪದಲ್ಲಿ. ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್ ಮಾತ್ರ ಬ್ಯಾಟರಿಯ ಡಿಸಿಯಲ್ಲಿ. ಸುರುಳಿ ತಂತಿಗೆ ಎಸಿ, ಡಿಸಿ ಎರಡೂ ಒಂದೇ. ಎಲ್‌ಇಡಿ ಒಂದು ದಿಕ್ಕಿನ ಕರೆಂಟಿಗೆ ಮಾತ್ರ ಬೆಳಗುತ್ತದೆ. ಹಾಗಾಗಿ ಇಂಥ ಗಾಡಿಗಳಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಟೇಲ್ ಲೈಟ್ ನಡುಗುತ್ತದೆ, ರೇಸ್ ಮಾಡಿದಾಗ ಅತಿಯಾಗಿ ಉರಿದು ಬೇಗ ಸುಟ್ಟುಹೋಗುತ್ತದೆ. ವೈರಿಂಗ್ ಗೊತ್ತಿರುವ ಮೆಕ್ಯಾನಿಕ್ ಮೊದಲು ಮೀಟರ್ ಹಿಡಿದು ಎಸಿಯೋ ಡಿಸಿಯೋ ನೋಡುತ್ತಾನೆ. ನಂತರವೇ ಬಲ್ಬಿಗೆ ಕೈಹಾಕುತ್ತಾನೆ.

ಜುಲೈ ಎರಡನೇ ಭಾನುವಾರ ಬೆಂಗಳೂರಿನಲ್ಲಿ ಕಲೆಯುವ ಜಾವಾ, ಯೆಜ್ಡಿ ಅಭಿಮಾನಿಗಳಿಗೆ ಇನ್ನೊಂದು ಸಮಸ್ಯೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೆಯ ಜಾವಾಗಳದ್ದು 6 ವೋಲ್ಟಿನ ವ್ಯವಸ್ಥೆ. 12 ವೋಲ್ಟಿನ ಎಲ್‌ಇಡಿ ಅಲ್ಲಿ ಸರಿಯಾಗಿ ಹತ್ತುವುದಿಲ್ಲ. 6 ವೋಲ್ಟಿಗೆಂದೇ ಮಾಡಿದ್ದನ್ನು ಹುಡುಕಬೇಕು.

ಇಷ್ಟೆಲ್ಲ ಸರಿಹೋದರೆ ಬ್ಯಾಟರಿಗೆ ಖಂಡಿತ ಲಾಭವಿದೆ. 21 ವ್ಯಾಟಿನ ಬ್ರೇಕ್ ಬಲ್ಬ್ 12 ವೋಲ್ಟಿನಲ್ಲಿ ಎಳೆಯುವುದು 1.75 ಆಂಪಿಯರ್. ಮೂರು ವ್ಯಾಟಿನ ಎಲ್‌ಇಡಿಗೆ ಕಾಲು ಆಂಪಿಯರ್ ಸಾಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ನಿಮಿಷಗಟ್ಟಲೆ ಬ್ರೇಕ್ ಮೇಲೆ ಕಾಲಿಟ್ಟು ನಿಲ್ಲುವಾಗ ಇಂಜಿನ್ ಕಡಿಮೆ ವೇಗದಲ್ಲಿ ತಿರುಗುತ್ತ ಕಡಿಮೆ ವಿದ್ಯುತ್ ಕೊಡುತ್ತದೆ. ಆಗ ಈ ಉಳಿತಾಯ ಚಿಕ್ಕ ಬ್ಯಾಟರಿಗೆ ದೊಡ್ಡದು.

ಬೇಕಾದದ್ದು ವ್ಯತ್ಯಾಸ

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ಬೆಳಕು ಜೋರಾಗಿದೆಯಾ?” ಕೇಳಬೇಕಾದ ಪ್ರಶ್ನೆ ಬೇರೆ. ಬ್ರೇಕ್ ಹಿಡಿಯುವ ಮುಂಚೆ ಹೇಗಿತ್ತು, ಹಿಡಿದ ಮೇಲೆ ಎಷ್ಟು ಬದಲಾಯಿತು?

ಟೇಲ್ ಲೈಟಿಗೆ ಹೇಳಬೇಕಾದ ಸಂಗತಿಗಳು ಎರಡೇ. ಇಲ್ಲೊಂದು ಗಾಡಿ ಇದೆ ಎಂಬುದು ಒಂದು, ಅದು ಈಗ ನಿಧಾನವಾಗುತ್ತಿದೆ ಎಂಬುದು ಇನ್ನೊಂದು. ಎರಡನೆಯದು ತಲುಪಬೇಕಾದರೆ ಮೊದಲನೆಯದು ಸೌಮ್ಯವಾಗಿರಬೇಕು. ಮೋಟಾರ್ ಸೈಕಲ್ ದೀಪಗಳ ಕುರಿತ ವಿಶ್ವಸಂಸ್ಥೆಯ 50ನೇ ನಿಯಮಾವಳಿ, ಎರಡೂ ಒಂದೇ ಗೂಡಿನಲ್ಲಿದ್ದರೆ ಬ್ರೇಕ್ ಹಿಡಿದಾಗಿನ ಬೆಳಕು ಕನಿಷ್ಠ ಐದು ಪಟ್ಟು ಹೆಚ್ಚಿರಬೇಕು ಎನ್ನುತ್ತದೆ. ಹಳೆಯ ಬಲ್ಬಿನಲ್ಲಿ ಈ ಜಿಗಿತ ಹನ್ನೆರಡು ಪಟ್ಟಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಅಗ್ಗದ ಎಷ್ಟೋ ಎಲ್‌ಇಡಿ ಬಲ್ಬುಗಳು ಎರಡೂ ಸ್ಥಿತಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಉರಿಯುತ್ತವೆ. ಸವಾರ ಬ್ರೇಕ್ ಹಿಡಿದದ್ದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಬೆಳಕು ಹೆಚ್ಚಿತು, ಸುದ್ದಿ ತಲುಪಲಿಲ್ಲ.

2017ರ ಏಪ್ರಿಲ್ 1ರ ನಂತರ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ಅಂದಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳಬೇಕು. ಅದರ ಜೊತೆಗೆ ಸಾಮಾನ್ಯವಾಗಿ ಟೇಲ್ ಲೈಟೂ ಹಗಲಿಡೀ ಉರಿಯುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಬ್ರೇಕ್ ಲೈಟು ಅದರಿಂದ ಬೇರೆಯಾಗಿ ಕಾಣಬೇಕಾಗಿದೆ.

ಸೊಗಸಿಗೆಂದು ಮಾಡಿಸುವ ಇನ್ನೂ ಕೆಲವು ಕೆಲಸ ಇದಕ್ಕೆ ನೇರ ವಿರುದ್ಧ. ಗಾಜಿಗೆ ಕಪ್ಪು ಹೊಗೆಬಣ್ಣದ ಸ್ಟಿಕರ್ ಅಂಟಿಸಿದರೆ ಬೆಳಕು ಅರ್ಧ ಸಾಯುತ್ತದೆ. ಸದಾ ಮಿಟುಕುವ ದೀಪ ಹಾಕಿಸಿದರೆ ಅದು ಬ್ರೇಕೋ ಅಲಂಕಾರವೋ ತಿಳಿಯುವುದಿಲ್ಲ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಚಿಕ್ಕ ಪಟ್ಟಿ ದೀಪ ಕೂರಿಸುವವರು ಅದರ ಜೊತೆಗೆ ಕೆಂಪು ರಿಫ್ಲೆಕ್ಟರನ್ನೂ ಕಳೆಯುತ್ತಾರೆ. ಕರೆಂಟೇ ಇಲ್ಲದೆ ಕೆಲಸ ಮಾಡುವ ಸಾಧನ ಆ ರಿಫ್ಲೆಕ್ಟರ್. ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಕಾಯುವುದು ಅದೊಂದೇ.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ ಅಥವಾ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ದೀಪದ ವಿಷಯದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇನ್ನೂ ಸ್ಪಷ್ಟ. ಇಂಡಿಕೇಟರ್, ನಂಬರ್ ಪ್ಲೇಟಿನ ದೀಪದಂಥ ಕೆಲವನ್ನು ಬಿಟ್ಟರೆ ಹಿಂದಕ್ಕೆ ಕೆಂಪಲ್ಲದೆ ಬೇರೆ ಬಣ್ಣದ ಬೆಳಕು ತೋರಿಸುವಂತಿಲ್ಲ. ನಂಬರ್ ಪ್ಲೇಟಿನ ಮೇಲೆ ಬಿಳಿ ಬೆಳಕೇ ಬೀಳಬೇಕು, ಅದು 15 ಮೀಟರ್ ದೂರದಿಂದ ಓದುವಂತಿರಬೇಕು. ಬೈಕಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು. ನೀಲಿ, ಹಸಿರು, ನೇರಳೆ ಪಟ್ಟಿಗಳು, ಕೆಂಪಾದ ನಂಬರ್ ಪ್ಲೇಟು ಎಲ್ಲವೂ ಈ ಸಾಲುಗಳಲ್ಲೇ ಸಿಕ್ಕಿಬೀಳುತ್ತವೆ.

ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ರಾಜ್ಯ ಪೊಲೀಸರು ವಿಶೇಷ ಕಾರ್ಯಾಚರಣೆ ನಡೆಸಿದ್ದರು. ಅವರ ಗುರಿಯಿದ್ದದ್ದು ಮುಖ್ಯವಾಗಿ ಮುಂದಿನ ದೀಪಗಳ ಮೇಲೆ. ಹಿಂದಿನ ದೀಪ ಮಂಕಾಗಿದ್ದರೆ, ಇಲ್ಲದೇ ಇದ್ದರೆ ಅಷ್ಟು ಸುಲಭಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಮೊದಲು ಇರುವ ದೀಪವನ್ನೇ ನೋಡಿ. ಗಾಜಿನ ಮೇಲಿನ ಕೆಸರು, ಒಳಗೆ ಕೂತ ನೀರಿನ ಕಲೆ, ತುಕ್ಕು ಹಿಡಿದ ಹೋಲ್ಡರ್ ಇವೇ ಅರ್ಧ ಬೆಳಕನ್ನು ತಿಂದಿರುತ್ತವೆ. ಅರ್ಥ್ ಸರಿಯಿಲ್ಲದಿದ್ದರೆ ಬ್ರೇಕ್ ಹಿಡಿದಾಗ ದೀಪ ಹೆಚ್ಚುವ ಬದಲು ಇನ್ನಷ್ಟು ಕುಗ್ಗಬಹುದು. ಇದು ಎಲ್‌ಇಡಿ ಹಾಕಿದರೂ ಹೋಗುವುದಿಲ್ಲ.

ಆಮೇಲೆ ಬ್ರೇಕ್ ಸ್ವಿಚ್. ಹಿಂದಿನ ಬ್ರೇಕಿನ ಪೆಡಲಿಗೆ ಚಿಕ್ಕ ಸ್ಪ್ರಿಂಗಿನಿಂದ ಕಟ್ಟಿದ ಸ್ವಿಚ್ ಇರುತ್ತದೆ. ಅದು ಸಡಿಲಾದರೆ ಪೆಡಲನ್ನು ಪೂರ್ತಿ ತುಳಿದ ಮೇಲೆ ದೀಪ ಹೊತ್ತುತ್ತದೆ. ಮುಂದಿನ ಲಿವರಿನ ಸ್ವಿಚ್ ಕೆಟ್ಟಿದ್ದು ತಿಂಗಳುಗಟ್ಟಲೆ ಗೊತ್ತಾಗದೇ ಇರುವುದುಂಟು. ಎಲ್‌ಇಡಿ ಉಳಿಸುವ ಸೆಕೆಂಡಿನ ಐದನೇ ಒಂದು ಭಾಗವನ್ನು ಸಡಿಲ ಸ್ಪ್ರಿಂಗ್ ಪೂರ್ತಿ ಕಳೆದುಬಿಡಬಲ್ಲದು. ಅದನ್ನು ಬಿಗಿ ಮಾಡಿಸಲು ಎಲ್‌ಇಡಿಯಷ್ಟು ಖರ್ಚೂ ಇಲ್ಲ.

ಕೊಳ್ಳುವುದಾದರೆ ನಿಮ್ಮ ಮಾದರಿಗೆ ಕಂಪನಿಯೇ ಎಲ್‌ಇಡಿ ಸೆಟ್ ಕೊಡುತ್ತಿದೆಯೇ ಎಂದು ವಿಚಾರಿಸಿ. ಅದು ಪರೀಕ್ಷೆಗೆ ಒಳಪಟ್ಟದ್ದು, ಸಾಕೆಟ್ ತಾನಾಗಿ ಕೂರುತ್ತದೆ, ವೈರ್ ಕತ್ತರಿಸಬೇಕಿಲ್ಲ. ವೈರ್ ಕತ್ತರಿಸಿ ಟೇಪ್ ಸುತ್ತಿದ ಜಾಗಕ್ಕೆ ಮಳೆ ನೀರು ಹೊಕ್ಕರೆ ಫ್ಯೂಸ್ ಹಾರುತ್ತದೆ, ವಾರಂಟಿಯೂ ಹೋಗುತ್ತದೆ. ಐವತ್ತು ಸಾವಿರ ಗಂಟೆ ಬಾಳಿಕೆ ಎಂದು ಡಬ್ಬಿಯ ಮೇಲಿದ್ದರೆ ಪೂರ್ತಿ ನಂಬಬೇಡಿ. ಎಲ್‌ಇಡಿಗೆ ಬಿಸಿಯೇ ಶತ್ರು. ಬಿಸಿ ಹೊರಹೋಗಲು ಲೋಹದ ತಳವಿಲ್ಲದ ಅಗ್ಗದ ಬಲ್ಬಿನಲ್ಲಿ ಚಿಪ್ಪುಗಳು ಒಂದೊಂದಾಗಿ ಸಾಯುತ್ತವೆ.

ಹಾಕಿಸಿದ ಮೇಲೆ ದುಡ್ಡು ಕೊಡುವ ಮುನ್ನ ಗಾಡಿಯ ಹಿಂಬದಿಯನ್ನು ಗ್ಯಾರೇಜಿನ ಷಟರಿಗೆ ತಿರುಗಿಸಿ ನಿಲ್ಲಿಸಿ. ಮುಂದಿನ ಬ್ರೇಕ್ ಮಾತ್ರ ಹಿಡಿಯಿರಿ, ಬಿಡಿ. ಹಿಂದಿನದನ್ನು ಮಾತ್ರ ತುಳಿಯಿರಿ, ಬಿಡಿ. ಎರಡು ಸಲವೂ ಷಟರ್ ಮೇಲಿನ ಕೆಂಪು ಫಕ್ಕನೆ ಹೆಚ್ಚಬೇಕು. ನಂಬರ್ ಪ್ಲೇಟ್ ಬೆಳ್ಳಗೆ ಕಾಣಬೇಕು. ನಂತರ ಗೆಳೆಯನೊಬ್ಬನನ್ನು ಹದಿನೈದು ಇಪ್ಪತ್ತು ಹೆಜ್ಜೆ ದೂರಕ್ಕೆ ಕಳಿಸಿ, ಪಕ್ಕಕ್ಕೂ ಸರಿದು ನೋಡಲು ಹೇಳಿ. ಮಳೆಗಾಲದಲ್ಲಿ ರೈನ್‌ಕೋಟಿನ ಅಂಚೋ ಬ್ಯಾಗಿನ ಹೊದಿಕೆಯೋ ದೀಪದ ಮೇಲೆ ಇಳಿಬಿದ್ದಿಲ್ಲ ಎಂಬುದನ್ನೂ ಅವನೇ ನೋಡಿ ಹೇಳಲಿ.

ಹದಿನೈದು ವರ್ಷ ಯಾರೂ ನೋಡದ ದೀಪ

ಬೈಕಿಗೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿಮೆ ಬೇಕು. ಈಗ ಅತಿ ಸುರಕ್ಷಿತ ನಂಬರ್ ಪ್ಲೇಟೂ ಬೇಕು. ಬ್ರೇಕ್ ಲೈಟ್ ಹೊತ್ತುತ್ತದೆಯೇ ಎಂದು ಮಾತ್ರ ಯಾರೂ ನೋಡುವುದಿಲ್ಲ. ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷಕ್ಕೆ ಇರುತ್ತದೆ. ಅದು ಮುಗಿದು ನವೀಕರಣಕ್ಕೆ ಹೋಗುವವರೆಗೆ ಗಾಡಿಯ ಫಿಟ್‌ನೆಸ್ ಪರೀಕ್ಷೆಯೇ ಇಲ್ಲ.

ಪೊಲೀಸರು ಪ್ರತಿ ಬೈಕಿನ ಹಿಂದೆ ನಿಂತು ಬ್ರೇಕ್ ಹಿಡಿಸಿ ನೋಡಲಾರರು. ಆದರೆ ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್ ಈ ಮೂರೂ ಪ್ರದೇಶಗಳಲ್ಲಿ ಬೈಕುಗಳು ದಿನಾ ನಿಧಾನಿಸಿ, ನಿಂತು, ಒಬ್ಬೊಬ್ಬರಾಗಿ ದಾಟುವ ಜಾಗ ಒಂದಿದೆ. ಅದು ಕಂಪನಿಯ ಗೇಟು. ಹೆಲ್ಮೆಟ್ ಇಲ್ಲದವರನ್ನು ಒಳಗೆ ಬಿಡದ ಪದ್ಧತಿ ಎಷ್ಟೋ ಕಾರ್ಖಾನೆ, ಟೆಕ್ ಪಾರ್ಕುಗಳಲ್ಲಿ ಈಗಾಗಲೇ ಇದೆ. ಅಲ್ಲಿನ ಸೆಕ್ಯೂರಿಟಿ ಸಿಬ್ಬಂದಿ ವಾರಕ್ಕೊಮ್ಮೆ “ಸಾರ್, ಬ್ರೇಕ್ ಹಿಡೀರಿ” ಎಂದು ಹಿಂದೆ ನೋಡಿದರೆ ಸಾಕು. ಕೆಟ್ಟಿದ್ದರೆ ಒಂದು ಚೀಟಿ ಕೊಡಲಿ, ಮುಂದಿನ ವಾರದೊಳಗೆ ಸರಿಮಾಡಿಸಿಕೊಂಡು ಬರಲಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಯಂತ್ರವೂ ಬೇಡ. ಹಳೆಯ ಬಲ್ಬೋ ಎಲ್‌ಇಡಿಯೋ ಎಂಬ ಚರ್ಚೆ ಶುರುವಾಗಬೇಕಾದದ್ದು, ಬ್ರೇಕ್ ಹಿಡಿದರೆ ಹಿಂದೆ ದೀಪ ಹೊತ್ತುತ್ತದೆ ಎಂಬುದು ಖಾತ್ರಿಯಾದ ಮೇಲೆ.